ಸಾಲಿನ ಮೊದಲ ಹುಡುಗ

ಪ್ರಾರ್ಥನೆಯ ಹೊತ್ತಿಗೆ ಶಾಲೆಯ ಅಂಗಳದಲ್ಲಿ ಮಕ್ಕಳು ಎತ್ತರಕ್ಕೆ ತಕ್ಕಂತೆ ಸಾಲಾಗಿ ನಿಲ್ಲುತ್ತಾರೆ. ಒಮ್ಮೊಮ್ಮೆ ಒಬ್ಬ ಹುಡುಗ ಐದನೆಯ ತರಗತಿಯಲ್ಲೂ ಸಾಲಿಗೆ ಮೊದಲು, ಎಂಟನೆಯ ತರಗತಿಯಲ್ಲೂ ಮೊದಲು. ಗೆಳೆಯರ ಬಾಯಲ್ಲಿ ಆತ 'ಗಿಡ್ಡ್ಯಾ'. ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳಲ್ಲಿ ಇಂಥ ಮಗುವನ್ನು ಕಂಡು ಹಿರಿಯರು ಆಡುವ ಮಾತೊಂದಿದೆ: "ಬಸಿರಿದ್ದಾಗ ಅವರವ್ವ ಗ್ರಹಣ ನೋಡ್ಯಾಳ, ಅದಕ್ಕೇ ಹಿಂಗಾಗ್ಯಾದ."

ಗ್ರಹಣದ ನಂಬಿಕೆ ಬರೀ ಮಾತಿನಲ್ಲೇ ನಿಲ್ಲುವುದಿಲ್ಲ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದಂದು ಕಲಬುರಗಿ ಸಮೀಪದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂಳಿದ್ದರು. ಮಕ್ಕಳು ಗುಣವಾಗಲೆಂಬ ಆಸೆಯೇ ಹೆತ್ತವರಿಂದ ಆ ಕೆಲಸ ಮಾಡಿಸಿತ್ತು.

ಕಾರಣವನ್ನು ಬೇರೆಲ್ಲೋ ಹುಡುಕುವುದು ಬಲ್ಲವರಿಗೂ ತಪ್ಪಿದ್ದಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ನಡುವೆ ಒಂದು ಕಾಯಿಲೆ ಬೆಳಕಿಗೆ ಬಂತು. ಬಡ ಕೂಲಿ ಕುಟುಂಬಗಳಲ್ಲಿ ಸೊಂಟದ ಕೀಲು ಸವೆದು ಜನ ನಡೆಯಲಾರದಾದರು. ಕೆಲವರು ಕುಬ್ಜರಾಗಿಯೇ ಉಳಿದರು. ಕೀಟನಾಶಕ ಸಿಂಪಡಿಸಿದ ಗದ್ದೆಯ ಏಡಿ ತಿಂದದ್ದೇ ಕಾರಣವಿರಬೇಕೆಂದು ಮೊದಲು ಶಂಕಿಸಲಾಯಿತು. ವಂಶಾವಳಿ ಮತ್ತು ಎಕ್ಸ್‌-ರೇ ಪರಿಶೀಲಿಸಿದ ಮೇಲೆ ಇದು ತಂದೆ ಅಥವಾ ತಾಯಿಯಿಂದ ಮಕ್ಕಳಿಗೆ ಇಳಿದು ಬರುವ ಮೂಳೆಯ ದೋಷವೆಂದು ಗೊತ್ತಾಯಿತು. ಇದನ್ನು ಬೇರುಸಹಿತ ಕಳೆಯುವ ಔಷಧವಿಲ್ಲ. ನೋವು ತಗ್ಗಿಸುವ ಮಾತ್ರೆ, ವ್ಯಾಯಾಮ, ಅಗತ್ಯವಿದ್ದವರಿಗೆ ಸೊಂಟದ ಕೀಲು ಬದಲಾವಣೆ, ಇವೇ ಆಸರೆ.

ಹಂದಿಗೋಡಿನ ಕಾಯಿಲೆ ಮಲೆನಾಡಿಗೆ ಸೀಮಿತ. ಎಲ್ಲ ಕಡೆಯೂ ಕಾಣುವ ಕುಬ್ಜತೆಯಲ್ಲಿ ಮುಖ್ಯವಾದದ್ದು ಅಕಾಂಡ್ರೋಪ್ಲೇಸಿಯಾ. ಇಲ್ಲಿ ಮುಂಡ ಸಾಧಾರಣವಾಗಿದ್ದು ತೋಳು, ತೊಡೆಗಳು ಗಿಡ್ಡವಾಗಿರುತ್ತವೆ. ತಲೆ ದೊಡ್ಡದು, ಹಣೆ ಮುಂದೆ ಚಾಚಿರುತ್ತದೆ. ಮೂಳೆಯ ಬೆಳವಣಿಗೆಗೆ ಕಡಿವಾಣ ಹಾಕುವ ಎಫ್‌ಜಿಎಫ್‌ಆರ್‌-3 ಎಂಬ ವಂಶವಾಹಿಯೊಂದಿದೆ. ಅದರಲ್ಲಿ ಆಗುವ ಸಣ್ಣ ಬದಲಾವಣೆಯಿಂದ ಆ ಕಡಿವಾಣ ಬಿಗಿಯಾಗಿಬಿಡುತ್ತದೆ. ಇದು ಪತ್ತೆಯಾದದ್ದು 1994ರಲ್ಲಿ. ಇಂಥ ಐದು ಮಕ್ಕಳಲ್ಲಿ ಸುಮಾರು ನಾಲ್ವರ ತಂದೆತಾಯಿಗಳು ಸಾಧಾರಣ ಎತ್ತರದವರೇ. ಅಂಥ ಮನೆಗಳಲ್ಲಿ ಬದಲಾವಣೆ ಹೊಸದಾಗಿ, ಬಹುತೇಕ ತಂದೆಯ ವೀರ್ಯಾಣುವಿನಲ್ಲಿ, ತಾನಾಗಿಯೇ ಆಗಿರುತ್ತದೆ. ತಾಯಿ ಗ್ರಹಣ ನೋಡಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ತಂದೆಯನ್ನೂ ದೂರುವಂತಿಲ್ಲ, ಇದು ಯಾರ ಕೈಯಲ್ಲೂ ಇರುವ ಸಂಗತಿಯಲ್ಲ.

ಪಾಲಕರು ಕೊರಗುವುದು ಎತ್ತರಕ್ಕಾಗಿ. ಆದರೆ ಅಪಾಯ ಇರುವುದು ಬೇರೆಡೆ. ತಲೆಬುರುಡೆಯ ತಳದಲ್ಲಿ ಬೆನ್ನುಹುರಿ ಇಳಿಯುವ ರಂಧ್ರ ಈ ಮಕ್ಕಳಲ್ಲಿ ಕಿರಿದಾಗಿರುತ್ತದೆ. ಹುರಿ ಒತ್ತಿದರೆ ಕೂಸಿನ ಉಸಿರು ನಿದ್ದೆಯಲ್ಲೇ ನಿಲ್ಲಬಹುದು. ಕುತ್ತಿಗೆಯೇ ಇಷ್ಟು ನಾಜೂಕಾದ ಮಗುವನ್ನು ಗುಂಡಿಗೆ ಇಳಿಸುವುದು ಎಂಥ ಗಂಡಾಂತರ! ಜೋರು ಗೊರಕೆ, ಉಸಿರು ತಡೆದು ತಡೆದು ಬರುವುದು, ಕೈಕಾಲು ಸೋಲುವುದು, ತಲೆ ಬೇಗಬೇಗ ದೊಡ್ಡದಾಗುವುದು ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು. ತಾನಾಗಿ ಕೂರುವ ಮೊದಲೇ ಕೂಸನ್ನು ದಿಂಬಿಗೆ ಆನಿಸಿ ಕೂರಿಸಿದರೆ ಬೆನ್ನು ಗೂನಾಗುವ ಸಂಭವವಿದೆ. ಕಿವಿಯ ಸೋಂಕು ಮೇಲಿಂದ ಮೇಲೆ ಬರುತ್ತದೆ. ಕೇಳಿಸದ ಮಗು ತರಗತಿಯಲ್ಲಿ ದಡ್ಡನೆನಿಸಿಕೊಳ್ಳುತ್ತದೆ. ಈ ಮಕ್ಕಳ ಬುದ್ಧಿಶಕ್ತಿ ಸಾಮಾನ್ಯವಾಗಿ ಉಳಿದವರಂತೆಯೇ ಇರುತ್ತದೆ. ದೊಡ್ಡವರಾದ ಮೇಲೆ ಸೊಂಟದ ಬಳಿ ನರಗಳು ಇಕ್ಕಟ್ಟಿಗೆ ಸಿಕ್ಕಿ, ನಾಲ್ಕು ಹೆಜ್ಜೆ ನಡೆದರೆ ಕಾಲು ಜೋಮು ಹಿಡಿಯುವುದುಂಟು.

ಈ ತೊಡಕುಗಳಿಗೆ ಚಿಕಿತ್ಸೆ ಇದೆ. ಇಕ್ಕಟ್ಟಾದ ಜಾಗವನ್ನು ಶಸ್ತ್ರಚಿಕಿತ್ಸೆಯಿಂದ ಅಗಲಿಸಬಹುದು, ಬಾಗಿದ ಕಾಲನ್ನು ನೇರಮಾಡಬಹುದು, ಕಿವಿಯ ಸೋಂಕು ವಾಸಿಮಾಡಬಹುದು. ಬಿಗಿಯಾದ ಕಡಿವಾಣವನ್ನು ಕೊಂಚ ಸಡಿಲಿಸುವ ವೊಸೊರಿಟೈಡ್ ಎಂಬ ಔಷಧಕ್ಕೆ 2021ರಲ್ಲಿ ಯುರೋಪು, ಅಮೆರಿಕಗಳಲ್ಲಿ ಒಪ್ಪಿಗೆ ಸಿಕ್ಕಿತು. ದಿನವೂ ಚುಚ್ಚುಮದ್ದು ಬೇಕು. ವರ್ಷಕ್ಕೆ ಹೆಚ್ಚುವರಿಯಾಗಿ ಬೆಳೆಯುವುದು ಸುಮಾರು 1.5 ಸೆಂಟಿಮೀಟರ್. ಬೆಲೆ ಬಹಳ ದುಬಾರಿ. ಮೂಳೆಯ ಬೆಳವಣಿಗೆ ಮುಗಿದ ಮೇಲೆ ಅದರಿಂದ ಫಲವಿಲ್ಲ. ಎತ್ತರ ಹೆಚ್ಚಿಸುತ್ತೇವೆಂದು ಜಾಹೀರಾತು ಕೊಟ್ಟು ಮಾರುವ ಪುಡಿಗಳಿಂದ ಹಣ ಕರಗೀತೇ ಹೊರತು ಮೂಳೆ ಬೆಳೆಯದು.

ಗಿಡ್ಡಗಿರುವ ಮಕ್ಕಳೆಲ್ಲರಿಗೂ ಇದೇ ದೋಷವೆಂದು ತಿಳಿಯಬಾರದು. ಥೈರಾಯ್ಡ್ ಅಥವಾ ಬೆಳವಣಿಗೆಯ ಹಾರ್ಮೋನು ಕೊರತೆಯಿಂದ ಬೆಳವಣಿಗೆ ನಿಂತಿದ್ದರೆ, ಬೇಗ ಗುರುತಿಸಿ ಔಷಧ ಕೊಟ್ಟಾಗ ಮಗು ಬೆಳೆಯುತ್ತದೆ. ಆದ್ದರಿಂದ ಮೊದಲು ಪರೀಕ್ಷೆಯಾಗಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ, ಅಂಗನವಾಡಿಗೆ ಬಂದ ದಿನ ಇಂಥ ಮಗುವನ್ನು ನಾಚಿಕೆಯಿಂದ ಮನೆಯಲ್ಲಿ ಉಳಿಸಿಕೊಳ್ಳಬಾರದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕುಬ್ಜತೆಯೂ ಸೇರಿದೆ. ಪ್ರಮಾಣಪತ್ರ ಪಡೆಯುವುದು ಮಗುವಿನ ಹಕ್ಕು.

ಶಾಲೆಯಲ್ಲಿ ಮಾಡಬೇಕಾದದ್ದು ಹೆಚ್ಚೇನಿಲ್ಲ. ಬೆಂಚಿನ ಕೆಳಗೆ ಕಾಲಿಡಲು ಒಂದು ಮಣೆ, ಬೆನ್ನಿಗೊಂದು ಆನಿಕೆ, ಕೈಗೆಟಕುವಷ್ಟು ಕೆಳಗೆ ಕರಿಹಲಗೆ. ಅದರ ಜೊತೆಗೆ, ಹಾಜರಿ ಕೂಗುವಾಗಲೂ ಆಟದ ಬಯಲಿನಲ್ಲೂ ಆತನನ್ನು ಆತನ ಹೆಸರಿನಿಂದಲೇ ಕರೆಯಬೇಕು.