ಶಲಾಕಾ ಪರೀಕ್ಷೆ

ಕನ್ಯೆಗೆ ತಕ್ಕ ವರನನ್ನು ಅರಸುವುದು ಕಷ್ಟವೆಂದು ಹಿರಿಯರು ಹೇಳುತ್ತಿದ್ದರು. ಸಾಫ್ಟ್‌ವೇರ್ ಬರೆಯಬಲ್ಲ ಸಮರ್ಥನನ್ನು ಅರಸುವುದು ಅದಕ್ಕಿಂತಲೂ ಕಷ್ಟವೆಂದು ಬೆಂಗಳೂರಿನ ಕಂಪೆನಿಗಳವರು ಹೇಳುವರು. ಅತ್ತ ಅವರಿಗೆ ಯೋಗ್ಯರು ದೊರೆಯರು. ಇತ್ತ ನಮ್ಮ ಅರಕಲಗೂಡು, ಹೊಳೆನರಸೀಪುರಗಳ ಮನೆಗಳಲ್ಲಿ ಪದವಿ ಪಡೆದ ಮಕ್ಕಳು ಉದ್ಯೋಗವಿಲ್ಲದೆ ಕುಳಿತಿರುವರು. ಈ ವೈಪರೀತ್ಯಕ್ಕೆ ಕಾರಣವೇನು?

ವಿದ್ಯೆಯ ಅಭಾವವೆನ್ನುವಂತಿಲ್ಲ. ಹಾಸನದಲ್ಲಿ ಮಲೆನಾಡು ಇಂಜಿನಿಯರಿಂಗ್ ಕಾಲೇಜು 1960ರಲ್ಲಿಯೇ ಸ್ಥಾಪಿತವಾಯಿತು. ನಮಗೆ ತೋರುವಂತೆ ದೋಷವಿರುವುದು ಪರೀಕ್ಷಿಸುವ ಕ್ರಮದಲ್ಲಿ. ಮೊದಲು ಅಂಕಗಳ ಜರಡಿ, ಬಳಿಕ ಒಗಟುಗಳು, ಕಡೆಗೆ ಇಂಗ್ಲಿಷಿನ ವಾಗ್ಝರಿ. ಈ ಮೂರರಲ್ಲಿಯೂ ಗೆದ್ದವನು ಕೆಲಸ ಬಲ್ಲನೆಂಬ ಭರವಸೆಯಿಲ್ಲ. ಸೋತವನು ಅರಿಯನೆಂದೂ ಅಲ್ಲ.

ನಮ್ಮಲ್ಲಿ ಶಬ್ದರೂಪಗಳನ್ನು ಕಲಿತ ರೈತನ ಮಗನೊಬ್ಬನು ಎರಡು ಕಡೆ ಗುಂಪು ಚರ್ಚೆಯಲ್ಲಿ ಬಾಯಿ ತೆರೆಯಲಾರದೆ ಹಿಂದಿರುಗಿದನು. ತಾಯಿಯು ಒಡವೆ ಅಡವಿಟ್ಟು ಓದಿಸಿದ್ದಳು. ಮೂರನೆಯ ಕಡೆ ಹಿರಿಯರೊಬ್ಬರು ಬಡ್ಡಿ ಲೆಕ್ಕದ ಪ್ರೋಗ್ರಾಮೊಂದನ್ನು ಅವನ ಮುಂದಿಟ್ಟು, "ಇದರಲ್ಲಿ ತಪ್ಪೆಲ್ಲಿದೆ, ನಿಧಾನವಾಗಿ ನೋಡಪ್ಪ" ಎಂದು ಹೇಳಿ ಎದ್ದುಹೋದರು. ಅರ್ಧ ಗಂಟೆಯಲ್ಲಿ ಅವನು ಆ ತಪ್ಪನ್ನು ಕಂಡುಹಿಡಿದುದಲ್ಲದೆ, ಫೆಬ್ರವರಿ 29 ಬಂದ ವರ್ಷ ಲೆಕ್ಕವು ಕೆಡುವುದೆಂದು ಅವರೂ ಗಮನಿಸದಿದ್ದ ಮತ್ತೊಂದನ್ನು ತೋರಿಸಿಕೊಟ್ಟನು. ಕೆಲಸವು ದೊರೆಯಿತು, ಒಡವೆಯೂ ಮನೆಗೆ ಬಂದಿತು.

ಇದು ಹೊಸ ಉಪಾಯವಲ್ಲ. ಮಿಥಿಲೆಯ ಪಂಡಿತರಲ್ಲಿ ಶಲಾಕಾ ಪರೀಕ್ಷೆಯೆಂಬುದೊಂದಿತ್ತು. ಓಲೆಗ್ರಂಥಕ್ಕೆ ಕಡ್ಡಿಯನ್ನು ಚುಚ್ಚಿ, ಅದು ತಾಗಿದ ಓಲೆಯನ್ನು ವಿವರಿಸೆಂದು ವಿದ್ಯಾರ್ಥಿಯನ್ನು ಕೇಳುತ್ತಿದ್ದರು. ಕಡ್ಡಿಯು ಎಲ್ಲಿ ತಾಗುವುದೋ ಯಾರು ಬಲ್ಲರು? ಆಯ್ದ ಪ್ರಶ್ನೆಗಳಿಗೆ ಉತ್ತರ ಉರುಹೊಡೆದವನು ಅಲ್ಲಿ ನಿಲ್ಲಲಾರನು. ಪಾಣಿನಿಯ ಸುಮಾರು 4000 ಸೂತ್ರಗಳಲ್ಲಿ ಒಂದರ ಅರ್ಥವನ್ನು ಹಿಡಿಯಲು ಹಿಂದಿನ ಹಲವನ್ನು ನೆನೆಯಬೇಕು. ಪ್ರೋಗ್ರಾಮೂ ಹಾಗೆಯೇ, ಒಂದು ಸಾಲನ್ನು ತಿದ್ದಿದರೆ ಮತ್ತೆಲ್ಲಿಯೋ ಕೆಡುವುದುಂಟು. ಅನ್ಯರು ಬರೆದುದನ್ನು ತಾಳ್ಮೆಯಿಂದ ಓದಿ ತಿಳಿಯುವುದೇ ಈ ವೃತ್ತಿಯ ಜೀವಾಳ.

ಉಳಿದುದನ್ನು ಕಲಿಸಬಹುದು. ವಿಪ್ರೋದವರು 1995ರಲ್ಲಿ ವಿಜ್ಞಾನ ಪದವೀಧರರನ್ನು ಕೆಲಸಕ್ಕೆ ತೆಗೆದುಕೊಂಡು, ಕೆಲಸದ ಜೊತೆಯಲ್ಲಿಯೇ ಉನ್ನತ ಪದವಿಗೆ ಓದಿಸುವ ಏರ್ಪಾಡನ್ನು ಆರಂಭಿಸಿದರು. ಇನ್ಫೋಸಿಸ್‌ನವರು ಮೈಸೂರಿನ ವಿದ್ಯಾಕೇಂದ್ರದಲ್ಲಿ ಹೊಸಬರಿಗೆ ತಿಂಗಳುಗಟ್ಟಲೆ ಶಿಕ್ಷಣವೀಯುವರು. ಇಂಗ್ಲಿಷನ್ನೂ ಹೀಗೆಯೇ ಕಲಿಸಲಾಗದೆ? ಆದರೆ ತಪ್ಪನ್ನು ಕಂಡಾಗ ಬಿಡದೆ ಬೆನ್ನಟ್ಟುವ ಬುದ್ಧಿಯನ್ನು ಯಾವ ಕೇಂದ್ರದಲ್ಲಿಯೂ ಸುಲಭವಾಗಿ ತುಂಬಲಾಗದು.

ಆದುದರಿಂದ ನೇಮಿಸುವವರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ಮಾತನ್ನು ಕೇಳುವ ಮೊದಲು ಕೆಲಸವನ್ನು ಮುಂದಿಡಿರಿ, ಯೋಚಿಸಲು ಅವಕಾಶವೀಯಿರಿ. ತಂದೆತಾಯಿಗಳೂ ಮಗನ ಅಂಕಪಟ್ಟಿಯನ್ನು ನೆಂಟರಿಗೆ ತೋರಿಸುವುದಕ್ಕೆ ಮುನ್ನ, "ನೀನು ಬರೆದ ಈ ಪುಟವನ್ನು ನಮಗೆ ತಿಳಿಯುವಂತೆ ಹೇಳು, ಮಗು" ಎಂದು ಕೇಳಿನೋಡಲಿ. ಅಜ್ಜಿಗೆ ಅರ್ಥವಾಗುವಂತೆ ಹೇಳಬಲ್ಲವನು ಯಾವ ಕಂಪೆನಿಗೂ ಹೇಳಬಲ್ಲನು.