ಬಂಡೆಯ ಮೇಲೆ ಹಿಮದ ಗೀರು

ಹದಿನೈದು ವರ್ಷಗಳ ಹಿಂದಿನ ಮಾತು. ಒಂಬತ್ತನೇ ತರಗತಿಗೆ ಹಿಮನದಿಯ ಪಾಠ ಮಾಡುತ್ತಿದ್ದೆ. ಹಿಮನದಿಯು ಬಂಡೆಯನ್ನು ಗೀರಿ ಸವೆಸುತ್ತದೆ ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದಂತೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತ. "ಸಾರ್, ಐಸು ಕಲ್ಲಿಗಿಂತ ಮೆತ್ತಗಲ್ವಾ? ಅದು ಕಲ್ಲನ್ನ ಹೆಂಗೆ ಗೀರುತ್ತೆ?" ನನಗೆ ಉತ್ತರ ಹೊಳೆಯಲಿಲ್ಲ. "ಪರೀಕ್ಷೆಯಲ್ಲಿ ಅಷ್ಟೆಲ್ಲ ಕೇಳೋದಿಲ್ಲ, ಕೂತ್ಕೋ" ಎಂದುಬಿಟ್ಟೆ. ತರಗತಿ ಗೊಳ್ಳೆಂದು ನಕ್ಕಿತು. ಅವನು ಮತ್ತೆಂದೂ ನನ್ನ ಪಾಠದಲ್ಲಿ ಪ್ರಶ್ನೆ ಕೇಳಲಿಲ್ಲ.

ಆ ಉತ್ತರ ನನಗೆ ಕಣ್ಣಾರೆ ಸಿಕ್ಕಿದ್ದು ನ್ಯೂಯಾರ್ಕಿನಲ್ಲಿ. ಕಳೆದ ಬೇಸಿಗೆ ರಜೆಯಲ್ಲಿ ಮಗಳ ಮನೆಗೆ ಹೋಗಿದ್ದೆ. ಗಗನಚುಂಬಿ ಕಟ್ಟಡ ನೋಡಿ ಕತ್ತು ನೋಯುತ್ತಿದ್ದಾಗ ಮಗಳು, "ಅಪ್ಪ, ಇವತ್ತು ಕೆಳಗೆ ನೋಡೋದಿದೆ ಬನ್ನಿ" ಎಂದು ಸೆಂಟ್ರಲ್ ಪಾರ್ಕಿಗೆ ಕರೆದೊಯ್ದಳು.

ಉದ್ಯಾನದ ನೈರುತ್ಯ ಭಾಗದಲ್ಲಿ, ಮಕ್ಕಳ ಆಟದ ಬಯಲಿನ ಪಕ್ಕದಲ್ಲೇ, ಅಂಪೈರ್ ರಾಕ್ ಎಂಬ ಬೂದು ಬಣ್ಣದ ಬಂಡೆಯಿದೆ. ಸುಮಾರು 45 ಕೋಟಿ ವರ್ಷ ಹಳೆಯ ಶಿಸ್ಟ್ ಶಿಲೆ. ಅದರ ಮೈಮೇಲೆ ವಾಯವ್ಯದಿಂದ ಆಗ್ನೇಯಕ್ಕೆ ಒಂದೇ ದಿಕ್ಕಿನಲ್ಲಿ ಎಳೆದಂಥ ಗೀರುಗಳು, ಕಾಲಿಡುವಷ್ಟು ಅಗಲದ ತೋಡುಗಳು. ಬೆರಳಾಡಿಸಿ ನೋಡಿದೆ. ನನ್ನ ಸುತ್ತ ಮಕ್ಕಳು ಅದರ ಮೇಲೆ ಜಾರಿ ಆಡುತ್ತಿದ್ದರು.

ಸುಮಾರು ಇಪ್ಪತ್ತು ಸಾವಿರ ವರ್ಷಗಳ ಹಿಂದೆ ಕೆನಡಾವನ್ನೆಲ್ಲ ಬಹುಪಾಲು ಮುಚ್ಚಿದ್ದ ಲಾರೆಂಟೈಡ್ ಹಿಮಹಾಸಿನ ದಕ್ಷಿಣದ ಅಂಚು ಇಲ್ಲಿಯವರೆಗೆ ಬಂದಿತ್ತು. ಹಡ್ಸನ್ ಕೊಲ್ಲಿಯ ಕಡೆ ಅದರ ದಪ್ಪ ಸುಮಾರು 3 ಕಿ.ಮೀ. ಬಿದ್ದ ಹಿಮ ಕರಗದೆ ವರ್ಷದಿಂದ ವರ್ಷಕ್ಕೆ ಪೇರಿಸಿಕೊಂಡು, ತನ್ನ ಭಾರಕ್ಕೆ ತಾನೇ ಗಟ್ಟಿಯಾಗಿ, ಕಾವಲಿಯ ನಡುವೆ ಸುರಿದ ದೋಸೆ ಹಿಟ್ಟಿನಂತೆ ಅಂಚಿನತ್ತ ಹರಿಯುತ್ತಿತ್ತು. ಹರಿಯುವಾಗ ತಳದ ಕಲ್ಲು, ಹರಳು, ಮರಳನ್ನು ಕಿತ್ತು ತನ್ನೊಳಗೆ ಹುದುಗಿಸಿಕೊಂಡಿತು. ಮರಗೆಲಸದವರ ಉಪ್ಪುಕಾಗದವನ್ನು ನೆನೆಯಿರಿ. ಮರವನ್ನು ಉಜ್ಜುವುದು ಕಾಗದವಲ್ಲ, ಅದಕ್ಕೆ ಅಂಟಿದ ಹರಳು. ಇಲ್ಲಿಯೂ ಅಷ್ಟೇ. ಬಂಡೆಯನ್ನು ಗೀರಿದ್ದು ಮಂಜುಗಡ್ಡೆಯಲ್ಲ, ಅದು ಹಿಡಿದುಕೊಂಡ ಕಲ್ಲು! ಮಂಜುಗಡ್ಡೆ ಕೊಟ್ಟದ್ದು ಭಾರ ಮತ್ತು ನಡಿಗೆ. ಹುಡುಗನ ಪ್ರಶ್ನೆಗೆ ಇಷ್ಟೇ ಉತ್ತರವಾಗಿತ್ತು.

ಕೊರೆದದ್ದೆಲ್ಲ ಎಲ್ಲಿಗೆ ಹೋಯಿತು? ಅದನ್ನು ನೋಡಲು ಕ್ಯೂ ಮಾರ್ಗದ ರೈಲು ಹತ್ತಿ ಬ್ರೂಕ್ಲಿನ್ನಿನ ಪ್ರಾಸ್ಪೆಕ್ಟ್ ಪಾರ್ಕಿಗೆ ಹೋದೆವು. ಅಲ್ಲಿಯ ಗುಡ್ಡಗಳಲ್ಲಿ ಬಂಡೆಯ ಹಾಸಿಲ್ಲ; ಮಣ್ಣು, ಮರಳು, ಗುಂಡುಕಲ್ಲು ಒಂದಕ್ಕೊಂದು ಸಂಬಂಧವಿಲ್ಲದಂತೆ ಬೆರೆತಿವೆ. ಹಿಮದ ಅಂಚು ಮುಂದೆ ಬಂದಷ್ಟೇ ವೇಗದಲ್ಲಿ ಕರಗುತ್ತಾ ಒಂದೇ ಕಡೆ ನಿಂತಿದ್ದ ಕಾಲದಲ್ಲಿ, ಹೊತ್ತು ತಂದದ್ದನ್ನೆಲ್ಲ ಅಲ್ಲಿಯೇ ಸುರಿಯಿತು. ಈ ದಿಬ್ಬಕ್ಕೆ ಮೊರೇನ್ ಎಂದು ಹೆಸರು. ಸ್ಟೇಟನ್ ಐಲೆಂಡಿನಿಂದ ಬ್ರೂಕ್ಲಿನ್, ಕ್ವೀನ್ಸ್ ದಾಟಿ ಲಾಂಗ್ ಐಲೆಂಡಿನ ಉದ್ದಕ್ಕೂ ಇದು ಬೆನ್ನೆಲುಬಿನಂತೆ ಸಾಗುತ್ತದೆ. ಇದೇ ದ್ವೀಪದ ರಾಂಕಾಂಕೊಮ ಸರೋವರ, ಮಣ್ಣಿನಲ್ಲಿ ಹೂತುಹೋದ ಮಂಜುಗಡ್ಡೆಯ ತುಂಡು ಕರಗಿ ನೆಲ ಕುಸಿದು ಆದ ಗುಂಡಿ.

ದಿಬ್ಬ ಇಳಿದು ದಕ್ಷಿಣಕ್ಕೆ ಹೋದರೆ ನೆಲ ತಟ್ಟೆಯಂತೆ ಸಮತಟ್ಟು. ಫ್ಲ್ಯಾಟ್‌ಬುಷ್ ಎಂಬ ಬಡಾವಣೆಯ ಹೆಸರೇ ಅದನ್ನು ಹೇಳುತ್ತದೆ. ಕರಗಿದ ನೀರು ಮರಳನ್ನು ಸೋಸಿ ಹರಡಿದ ಬಯಲು ಇದು. ಅದೇ ರೈಲಿನ ಕೊನೆಯ ನಿಲ್ದಾಣ ಕೋನಿ ಐಲೆಂಡ್, ಅಲ್ಲಿ ಕಡಲು. ಕೊರೆತ, ರಾಶಿ, ಬಯಲು: ನಾನು ಮೂರು ಪೀರಿಯಡ್ ತೆಗೆದುಕೊಳ್ಳುತ್ತಿದ್ದ ಪಾಠ ಒಂದು ರೈಲಿನ ಟಿಕೇಟಿನಲ್ಲಿ ಮುಗಿಯಿತು.

ಆದರೆ ಹಿಮ ಹೋದರೂ ಅದರ ಲೆಕ್ಕ ಮುಗಿದಿಲ್ಲ. 2012ರ ಅಕ್ಟೋಬರಿನಲ್ಲಿ ಸ್ಯಾಂಡಿ ಚಂಡಮಾರುತ ಬಂದಾಗ ಕೋನಿ ಐಲೆಂಡ್, ರಾಕವೇ ಮೊದಲಾದ ತಗ್ಗು ತೀರಗಳು ಮುಳುಗಿದವು. ಮೊರೇನಿನ ದಿಬ್ಬದ ಮೇಲಿದ್ದವರಿಗೆ ಕಡಲು ತಲುಪಲಿಲ್ಲ. ಇನ್ನೊಂದು ಸಂಗತಿಯೂ ಇದೆ. ಹಾಸಿಗೆಯ ಮೇಲೆ ಕುಳಿತರೆ ಕುಳಿತಲ್ಲಿ ತಗ್ಗಿ, ಸುತ್ತ ಉಬ್ಬುತ್ತದೆ. ಹಿಮದ ಭಾರಕ್ಕೆ ಕೆನಡಾ ತಗ್ಗಿತ್ತು, ಅಂಚಿನ ನೆಲ ಉಬ್ಬಿತ್ತು. ಈಗ ಹಡ್ಸನ್ ಕೊಲ್ಲಿಯ ಸುತ್ತ ನೆಲ ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಏಳುತ್ತಿದೆ. ನ್ಯೂಯಾರ್ಕಿನ ನೆಲ ವರ್ಷಕ್ಕೆ ಒಂದೆರಡು ಮಿಲಿಮೀಟರ್ ಇಳಿಯುತ್ತಿದೆ. ಕಡಲೇ ಏರುತ್ತಿರುವ ಈ ದಿನಗಳಲ್ಲಿ ಇದು ಸಣ್ಣ ಮಾತಲ್ಲ.

ಊರಿಗೆ ಮರಳಿದ ಮೇಲೆ ಆ ಹುಡುಗನನ್ನು ಹುಡುಕಿದೆ. ಈಗ ಅವನು ಬೋರ್‌ವೆಲ್ ಲಾರಿಯಲ್ಲಿ ಕೆಲಸ ಮಾಡುತ್ತಾನೆ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ, "ಅವತ್ತು ನನಗೆ ಗೊತ್ತಿರಲಿಲ್ಲ ಕಣಪ್ಪ" ಎಂದು ಒಪ್ಪಿಕೊಂಡು, ಉತ್ತರ ಹೇಳಿದೆ. ಅವನು ಲೋಟ ಕೆಳಗಿಟ್ಟು ನಕ್ಕ. "ನಮ್ ಬಿಟ್ಟೂ ಹಂಗೇ ಸಾರ್. ಕಬ್ಬಿಣ ಎಲ್ಲಿ ಕೊರೆಯುತ್ತೆ? ತುದೀಲಿ ಗಟ್ಟಿ ಬಟನ್ ಕೂರಿಸಿರ್ತಾರೆ, ಅದು ಕೊರೆಯೋದು."

ಮುಂದಿನ ಸಲ ಆ ಪಾಠ ಬಂದಾಗ ಅವನನ್ನೇ ತರಗತಿಗೆ ಕರೆಯಬೇಕೆಂದಿದ್ದೇನೆ. ಬರುತ್ತೇನೆ ಎಂದಿದ್ದಾನೆ.