ಪೆಟ್ಟಿಗೆ ಮಾರುವ ಮುಂಚೆ ಕ್ಯಾಸೆಟ್ ನೋಡಿ

ತೇರಗಾಂವದ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಸಾಗವಾನಿ ಪೆಟ್ಟಿಗೆ ಇದೆ. ಹೊಸಬರು ಅದನ್ನು ದೇವರ ಪೆಟ್ಟಿಗೆ ಅಂದುಕೊಳ್ಳುತ್ತಾರೆ. ಬಾಗಿಲು ತೆರೆದರೆ ಒಳಗೆ ಟೇಪ್ ರೆಕಾರ್ಡರ್. ಎರಡೂ ಬದಿಗೆ ಬಟ್ಟೆ ಹೊದಿಸಿದ ಸ್ಪೀಕರ್, ಕೆಳಗೆ ಕ್ಯಾಸೆಟ್ ಇಡುವ ಖಾನೆ.

ಜರ್ಮನಿಯ ಗ್ರುಂಡಿಗ್‌ನಂಥ ಕಂಪನಿಗಳು 1950-60ರ ದಶಕದಲ್ಲಿ ರೇಡಿಯೋ, ರೆಕಾರ್ಡ್ ಪ್ಲೇಯರ್, ಕೆಲವದರಲ್ಲಿ ಸ್ಪೂಲ್ ಟೇಪ್ ಕೂಡ ಸೇರಿಸಿ ಕಪಾಟಿನಂಥ ಯಂತ್ರ ಮಾಡುತ್ತಿದ್ದವು. ನಮ್ಮ ಕಡೆಯ ಉಳ್ಳವರ ಮನೆಗೆ ರೇಡಿಯೋಗ್ರಾಂ ಬಂತು. 1963ರಲ್ಲಿ ಫಿಲಿಪ್ಸ್ ಸಣ್ಣ ಕ್ಯಾಸೆಟ್ ತಂದ ಮೇಲೆ ಟೇಪು ಕೈಯಲ್ಲಿ ಹಿಡಿದು ಓಡಾಡುವಷ್ಟು ಚಿಕ್ಕದಾಯಿತು. ಆದರೆ ನಮ್ಮ ಕಾಕಾಗೆ ಕಪಾಟೇ ಬೇಕಿತ್ತು. ದಾಂಡೇಲಿಯಲ್ಲಿ ಕೆಲಸಕ್ಕಿದ್ದ ಅವರು ಹುಬ್ಬಳ್ಳಿಯಿಂದ ಟೇಪ್ ತಂದು, ಊರ ಬಡಿಗೇರರ ಕೈಯಲ್ಲಿ ಈ ಪೆಟ್ಟಿಗೆ ಮಾಡಿಸಿದರು.

ಈಗ ನನಗೂ ಅದೇ ಹುಚ್ಚು. ಹಳಿಯಾಳ, ಧಾರವಾಡದ ಗುಜರಿ ಅಂಗಡಿ ತಿರುಗಿ ಇಂಥವು ಇನ್ನೂ ಮೂರು ತಂದಿದ್ದೇನೆ. ಒಂದರೊಳಗೆ ಗೆದ್ದಲಿತ್ತು. ಇನ್ನೊಂದರ ರಬ್ಬರ್ ಬೆಲ್ಟ್ ಕರಗಿ ಬೆಲ್ಲದ ಪಾಕದಂತೆ ಅಂಟಿತ್ತು.

ಹೋದ ವರ್ಷ ಪೇಟೆಯಿಂದ ಒಬ್ಬರು ಬಂದರು. ಕಾಕಾನ ಪೆಟ್ಟಿಗೆಗೆ ಎಂಟು ಸಾವಿರ ಕೊಡುತ್ತೇನೆ ಅಂದರು.

“ಒಳಗಿನ ಟೇಪ್ ಬ್ಯಾಡ್ರಿ, ತಗದು ಬಿಡ್ರಿ. ಹೋಟೆಲ್‌ನಾಗ ಚಂದ ಕಾಣ್ತದ.”

ಅಪ್ಪ “ಕೊಟ್ಟು ಬಿಡು” ಅಂದ. ಮಳೆಗಾಲಕ್ಕೆ ಹಂಚು ತಿರುವಿಸಬೇಕಿತ್ತು, ದುಡ್ಡು ಬೇಕೇ ಇತ್ತು. ನಾನೂ ಹೂಂ ಅಂದು ಖಾನೆ ಖಾಲಿ ಮಾಡತೊಡಗಿದೆ. ಆಗ ಒಂದು ಕ್ಯಾಸೆಟ್ ಸಿಕ್ಕಿತು. ಅದರ ಮೇಲೆ ಕಾಕಾನ ಅಕ್ಷರದಲ್ಲಿ ‘ಅವ್ವ’ ಅಂತ ಬರೆದಿತ್ತು. ಅದರ ಕೆಳಗೆ ನನ್ನ ಅಕ್ಷರದಲ್ಲಿ ‘ಚಿತ್ರಗೀತೆ’.

ನನ್ನ ಕೈಕಾಲು ತಣ್ಣಗಾದವು. ಹತ್ತನೇ ಇಯತ್ತೆಯಲ್ಲಿದ್ದಾಗ ಖಾಲಿ ಕ್ಯಾಸೆಟ್ ಸಿಗದೆ, ರೇಡಿಯೋದ ಹಾಡುಗಳನ್ನು ನಾನು ತುಂಬಿಸಿದ್ದು ಇದರಲ್ಲೇ. ಅದರಲ್ಲಿ ಅಜ್ಜಿಯ ಬೀಸುಕಲ್ಲಿನ ಪದಗಳಿದ್ದವು. ಹೊಸದನ್ನು ತುಂಬುವ ಮುಂಚೆ ಟೇಪು ಹಳೆಯದನ್ನು ಅಳಿಸಿಬಿಡುತ್ತದೆ. ಕ್ಯಾಸೆಟ್ಟಿನ ಹಿಂಬದಿಯ ಅಂಚಿನಲ್ಲಿ ಎರಡು ಸಣ್ಣ ಪ್ಲಾಸ್ಟಿಕ್ ಚೂರು ಇರುತ್ತವೆ. ಅವನ್ನು ಮುರಿದಿದ್ದರೆ ರೆಕಾರ್ಡ್ ಗುಂಡಿ ಒತ್ತಲು ಬರುವುದಿಲ್ಲ. ಕಾಕಾ ಮುರಿದಿರಲಿಲ್ಲ. ಮನೆಯವರೇ ಅಳಿಸುತ್ತಾರೆ ಅಂತ ಅವರಿಗೇನು ಗೊತ್ತು?

ಬೆಲ್ಟ್ ಬದಲಿಸಿ, ಹೆಡ್ ಒರೆಸಿ ಕ್ಯಾಸೆಟ್ ಹಾಕಿದೆ. ಸಿನಿಮಾ ಹಾಡು, ಮತ್ತೆ ಸಿನಿಮಾ ಹಾಡು. ಅಪ್ಪ ಎದ್ದು ಹೋಗುವವನಿದ್ದ. ಮೊದಲ ಬದಿ ಮುಗಿಯುವ ಹೊತ್ತಿಗೆ ಟಕ್ ಅಂತ ಸದ್ದಾಯಿತು. ನಾನು ಅಂದು ರೆಕಾರ್ಡಿಂಗ್ ನಿಲ್ಲಿಸಿದ ಜಾಗ. ಆಮೇಲೆ ಕಲ್ಲು ತಿರುಗುವ ಗರಗರ. ಅದರ ಜೊತೆ ಅಜ್ಜಿಯ ದನಿ, ಅರ್ಧ ಸಾಲಿನಿಂದ. ಒಂದು ಕೆಮ್ಮು. ಕೊನೆಗೆ, “ಸಾಕಾತೇನೋ ತಮ್ಮಾ?”

ಎರಡು ನಿಮಿಷವೂ ಇಲ್ಲ. ಅಪ್ಪ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. “ಇನ್ನೊಮ್ಮೆ ಹಾಕು” ಅಂದ.

ಪೆಟ್ಟಿಗೆ ಮಾರಲಿಲ್ಲ. ಹಂಚಿಗೆ ಸಂಘದಲ್ಲಿ ಸಾಲ ತೆಗೆದೆವು. ಪೆಟ್ಟಿಗೆಯ ಅಂದ ನೋಡಿ ಕೂಡಿಹಾಕುತ್ತಿದ್ದ ನಾನು, ಈಗ ಗುಜರಿಗೆ ಹೋದರೆ ಮೊದಲು ಕೇಳುವುದು, “ಕ್ಯಾಸೆಟ್ ಅದಾವೇನ್ರಿ?”

ನಿಮ್ಮ ಅಟ್ಟದ ಮೇಲೂ ಇಂಥದ್ದು ಇರಬಹುದು. ಸಿಕ್ಕ ಕೂಡಲೇ ಹಳೆ ಟೇಪಿಗೆ ಹಾಕಬೇಡಿ, ಸುತ್ತಿಕೊಂಡು ಹರಿಯುತ್ತದೆ. ಮೊದಲು ಹಿಂಬದಿಯ ಎರಡೂ ಚೂರು ಮುರಿಯಿರಿ. ಬೂಸು ಹಿಡಿದಿದೆಯಾ ನೋಡಿ. ಯಂತ್ರ ರಿಪೇರಿ ಮಾಡಿಸಿ, ಬೇರೆ ಕ್ಯಾಸೆಟ್ ಹಾಕಿ ಪರೀಕ್ಷಿಸಿ, ಆಮೇಲೆ ಇದನ್ನು ಹಾಕಿ. ಮೊದಲ ಸಲ ನುಡಿಸುವಾಗಲೇ ಪಕ್ಕದಲ್ಲಿ ಫೋನ್ ಇಟ್ಟು ರೆಕಾರ್ಡ್ ಮಾಡಿಕೊಳ್ಳಿ. ಎರಡನೇ ಸಲ ನುಡಿಯುತ್ತದೆ ಅನ್ನುವ ಖಾತ್ರಿ ಇಲ್ಲ.

ಕಷ್ಟ ಬಂದರೆ ಪೆಟ್ಟಿಗೆ ಮಾರಿ, ತಪ್ಪೇನಿಲ್ಲ. ಒಳಗಿನ ದನಿ ಮಾತ್ರ ಮೊದಲು ತೆಗೆದಿಟ್ಟುಕೊಳ್ಳಿ.